ಒಡೆದ ಅಂಚಿನ ನೀಲಿ

"ಈ ಚೀಲ ಯಾರಾದ್ರೂ ಬಿಚ್ಚಿದ್ರಾ?"

"ಇಲ್ಲ ಮೇಡಂ. ಸೀಲು ಹಾಗೇ ಇದೆಯಲ್ಲ, ನೋಡಿ."

"ಮತ್ತೆ ಬಣ್ಣ ಯಾಕೆ ಉದುರಿದೆ?"

ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಬಾಗಿದರು. ಪ್ಲಾಸ್ಟಿಕ್ ಚೀಲದೊಳಗೆ ಹೆಬ್ಬೆರಳಿನಷ್ಟು ದೊಡ್ಡದೊಂದು ಚೂರು. ಕಾರಿನ ಹೆಡ್‌ಲೈಟಿನ ಒಳಗಿನದು. ನವಿಲಿನ ಕತ್ತಿನ ನೀಲಿ. ಚೀಲದ ತಳದಲ್ಲಿ ಅದೇ ನೀಲಿಯ ಸಣ್ಣ ಸಣ್ಣ ಹಕ್ಕಳೆಗಳು ಬಿದ್ದಿದ್ದವು. ಹಕ್ಕಳೆ ಎದ್ದ ಜಾಗದಲ್ಲಿ ಬೆಳ್ಳಿಯ ಹೊಳಪು ಇಣುಕುತ್ತಿತ್ತು.

ಇಷ್ಟೇ ಇಷ್ಟು ಚೂರು ಒಬ್ಬ ಹೆಣ್ಣುಮಗಳನ್ನು ಲಾಕಪ್ಪಿಗೆ ತಳ್ಳಿತ್ತು. ಗೋದಾಮುಗಳ ರಸ್ತೆಯಲ್ಲಿ ಮುಸ್ಸಂಜೆ ಹೊತ್ತು ಬಸ್ ಕಂಡಕ್ಟರಮ್ಮನಿಗೆ ಗುದ್ದಿದ ಕಾರು ನಿಲ್ಲದೆ ಹೋಗಿತ್ತು. ಆಕೆ ಇನ್ನೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಮಾರನೆಯ ಬೆಳಿಗ್ಗೆ ಮೋರಿಯ ಅಂಚಿನಲ್ಲಿ ಪೊಲೀಸರಿಗೆ ಸಿಕ್ಕಿದ್ದು ಈ ಚೂರು.

"ಊರಲ್ಲಿ ಹೆಡ್‌ಲೈಟಿನ ಒಳಗೆ ಇಂಥ ಬಣ್ಣ ಬಳಿದುಕೊಂಡಿರೋ ಕಾರು ಒಂದೇ ಮೇಡಂ," ಎಂದರು ಇನ್ಸ್‌ಪೆಕ್ಟರ್. "ಆ ಕಾರಿನ ಬಲಗಡೆ ದೀಪದೊಳಗೆ ಇದೇ ನೀಲಿ, ಎಡಗಡೆ ದೀಪವೇ ಇಲ್ಲ. ಕೇಳಿದ್ರೆ, ಬಣ್ಣ ಹಚ್ಚೋಕೆ ಬಿಚ್ಚಿಟ್ಟಿದ್ದೆ ಅಂತಾಳೆ. ನಾವೇನು ಕಿವಿ ಮೇಲೆ ಹೂ ಇಟ್ಕೊಂಡು ಕೂತಿದ್ದೀವಾ? ಗುದ್ದಿ ಒಡೆದುಕೊಂಡಳು, ಮನೆಗೆ ಹೋಗಿ ಬಿಚ್ಚಿ ಹಾಕಿದಳು. ಅಷ್ಟೇ ಕಥೆ."

ಪತ್ತೇದಾರಿಣಿ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಲೇ ಇದ್ದಳು. ಈ ಕೆಲಸಕ್ಕೆ ಇಳಿಯುವ ಮೊದಲು ಅವಳು ವಿಮಾ ಕಂಪನಿಗೆ ಅಪಘಾತದ ಕಾರುಗಳನ್ನು ತಪಾಸಣೆ ಮಾಡುತ್ತಿದ್ದವಳು. ನುಜ್ಜುಗುಜ್ಜಾದ ಬಾನೆಟ್ಟನ್ನು ಅವಳು ಸುತ್ತಿ ನೋಡುವ ಪರಿಗೆ ಗ್ಯಾರೇಜಿನವರು ಬೆನ್ನ ಹಿಂದೆ 'ಭೂತಗನ್ನಡಿ' ಎಂದು ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬಿರುದು ಸಿಕ್ಕಿತೆಂದೇ ತಿಳಿದು ಸುಮ್ಮನಾಗಿದ್ದಳು.

"ಅವಳನ್ನ ಇಲ್ಲಿಗೆ ಕರೆಸಿ," ಎಂದಳು. "ಒಂದೇ ಒಂದು ವಿಷಯ ಕೇಳ್ಬೇಕು."

ಚಿನ್ನಿ ಬಂದು ನಿಂತಳು. ಮನೆಯವರು ಕರೆಯುವ ಹೆಸರು ಅದು. ಈಗ ಊರೆಲ್ಲ ಕರೆಯುವ ಹೆಸರುಗಳನ್ನು ಬರೆಯುವಂತಿಲ್ಲ. ಹಲ್ಲಿನ ಸೆಟ್ಟುಗಳನ್ನು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಇತ್ತು, ಎನ್ನಬೇಕು. ಬಂಧನದ ಸುದ್ದಿ ಹೊರಬಿದ್ದ ಕೂಡಲೇ ಲ್ಯಾಬಿನವರು 'ಇನ್ನು ಬರುವುದು ಬೇಡ' ಎಂದು ಹೇಳಿ ಕಳಿಸಿದ್ದರು. ರಾತ್ರಿಯಿಡೀ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ಆದರೆ ಅತ್ತ ಕುರುಹು ಇರಲಿಲ್ಲ. ಅವಳಿಗೆ ಬಂದಿದ್ದು ಅಳುವಲ್ಲ, ಸಿಟ್ಟು.

"ಮೇಡಂ, ಇವರಿಗೆ ನೀವಾದ್ರೂ ಹೇಳಿ," ಎಂದು ನಿಂತಲ್ಲೇ ಶುರು ಮಾಡಿದಳು. "ಇದೇ ಹಣೆಬರಹ ಅಂದ್ಕೊಳ್ಳೋಕೆ ನಾನು ಏನು ತಪ್ಪು ಮಾಡಿದ್ದೀನಿ? ಕಾರು ನಂದು, ದೀಪ ನಂದು, ಬಣ್ಣ ನಂದು. ಗಂಡಸರು ಮಾಡಿದ್ರೆ ಹವ್ಯಾಸ ಅಂತಾರೆ. ನಾನು ಮಾಡಿದ್ರೆ ಇವರ ಬಾಯಲ್ಲಿ ಅದು ಹುಚ್ಚು. ನಿನ್ನೆಯಿಂದ ಇದೇ ಮಾತು: 'ಮನೇಲಿ ಕೂತು ಕಾರಿನ ದೀಪ ಬಿಚ್ಚೋ ಹೆಂಗಸು ಇನ್ನೇನು ಮಾಡಕ್ಕೆ ಹೇಸ್ತಾಳೆ!' ಇದೂ ಒಂದು ಸಾಕ್ಷಿಯಾ ಸರ್?"

ಇನ್ಸ್‌ಪೆಕ್ಟರ್ ಕೆಮ್ಮಿದರು. "ಅದು ನಾನು ಹೇಳಿದ್ದಲ್ಲ, ಪೇದೆ ಹೇಳಿದ್ದು."

"ನೀವು ನಕ್ಕಿದ್ರಿ."

ಪತ್ತೇದಾರಿಣಿ ಚೀಲವನ್ನು ಮುಂದೆ ಹಿಡಿದಳು. "ಚಿನ್ನಿ, ನೀನು ಬಣ್ಣ ಹಚ್ಚೋದು ಹೇಗೆ? ಮೊದಲಿಂದ ಹೇಳು."

"ಹೆಡ್‌ಲೈಟ್ ಬಿಚ್ಚಿ, ಓವನ್ನಿನಲ್ಲಿ ಹದವಾಗಿ ಬಿಸಿ ಮಾಡಿದ್ರೆ ಗಾಜು ಕೂರಿಸಿರೋ ಅಂಟು ಮೆತ್ತಗಾಗುತ್ತೆ. ಆಗ ಗಾಜು ಬಿಡಿಸ್ತೀನಿ. ಒಳಗಿನ ಬೆಳ್ಳಿ ಬಣ್ಣದ ಚೌಕಟ್ಟು ಆಚೆ ತೆಗೆದು, ಹೊಳಪು ಪೂರ್ತಿ ಹೋಗೋ ತನಕ ಸ್ಯಾಂಡ್ ಪೇಪರ್ ಉಜ್ಜಬೇಕು. ಆಮೇಲೆ ಬೂದು ಬಣ್ಣದ ಪ್ರೈಮರ್. ಅದು ಒಣಗಿದ ಮೇಲೆ ನೀಲಿ, ತೆಳ್ಳಗೆ, ಸ್ಪ್ರೇ ಗನ್ನಿನಲ್ಲಿ. ಹಾಗೆ ಮಾಡಿದ್ರೆ ಉಗುರಲ್ಲಿ ಕೆರೆದ್ರೂ ಬರಲ್ಲ."

"ಬಲ್ಬಿನ ಹಿಂದೆ ಇರೋ ಬಟ್ಟಲಿಗೆ?"

"ಅಯ್ಯೋ, ಅದಕ್ಕೆ ಯಾರಾದ್ರೂ ಬಣ್ಣ ಹಚ್ತಾರಾ ಮೇಡಂ! ಬೆಳಕನ್ನ ಮುಂದಕ್ಕೆ ಎಸೆಯೋದೇ ಆ ಬಟ್ಟಲು. ಅದಕ್ಕೆ ಬಣ್ಣ ಹಚ್ಚಿದ್ರೆ ರಸ್ತೆ ಕಾಣಲ್ಲ. ನಾನು ಹಚ್ಚೋದು ಸುತ್ತಲಿನ ಚೌಕಟ್ಟಿಗೆ ಮಾತ್ರ."

ಪತ್ತೇದಾರಿಣಿ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಈ ಚೂರು ನೋಡಿ. ಚಮಚದ ಹಾಗೆ ಒಳಗೆ ಬಾಗಿದೆ. ಇದು ಬಟ್ಟಲಿನ ಚೂರು. ಕೆಳಗಿನ ಹೊಳಪನ್ನ ಯಾರೂ ಉಜ್ಜಿಲ್ಲ, ಪ್ರೈಮರ್ ಇಲ್ಲ, ಅದಕ್ಕೇ ಬಣ್ಣ ಹಿಡಿದಿಲ್ಲ."

"ಮೊದಮೊದಲು ಅಂದಾಜಿಲ್ಲದೆ ಹಾಗೆ ಮಾಡಿರಬಹುದಲ್ಲ?"

"ಮಾಡಿರಬಹುದು. ಈಗ ಇದರ ಅಂಚು ನೋಡಿ. ಒಡೆದ ಅಂಚು."

ಅವರು ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ನೋಡಿದರು.

ಒಡೆದಲ್ಲಿ ಪ್ಲಾಸ್ಟಿಕ್ಕಿನ ಬಣ್ಣ ಕಾಣಬೇಕಿತ್ತು. ಅಲ್ಲಿಯೂ ನೀಲಿ ಇಳಿದಿತ್ತು. ಒಂದು ಕಡೆ ತೊಟ್ಟಿಕ್ಕಿ ಹರಳಿನಂತೆ ಒಣಗಿತ್ತು.

"ಮೊದಲು ಒಡೆದಿದೆ," ಎಂದಳು ಪತ್ತೇದಾರಿಣಿ. "ಆಮೇಲೆ ಬಣ್ಣ ಬಿದ್ದಿದೆ. ಕಂಡಕ್ಟರಮ್ಮನಿಗೆ ಗುದ್ದಿ ಒಡೆದ ದೀಪ ಬಿದ್ದಲ್ಲೇ ತಾನಾಗಿ ಬಣ್ಣ ಬಳಿದುಕೊಳ್ಳುತ್ತಾ ಇನ್ಸ್‌ಪೆಕ್ಟರೇ? ಯಾರೋ ಒಡೆದ ಚೂರಿಗೆ ನೀಲಿ ಸವರಿ ಮೋರಿ ಹತ್ತಿರ ಇಟ್ಟಿದ್ದಾರೆ. ನಿಮ್ಮ ಕೈಗೆ ಸಿಗ್ಲಿ ಅಂತ. ನೀವೂ ಎತ್ಕೊಂಡ್ರಿ."

ಠಾಣೆಯ ಫ್ಯಾನು ಕಟಕಟ ಎನ್ನುತ್ತಿತ್ತು. ಚಿನ್ನಿ ಗೋಡೆಗೆ ಒರಗಿದಳು.

"ಆ ಬಣ್ಣ ಅಂಗಡೀಲಿ ಸಿಗಲ್ಲ ಮೇಡಂ," ಎಂದಳು ಮೆಲ್ಲಗೆ. "ನಾನೇ ನೀಲಿಗೆ ಹಸಿರು ಬೆರೆಸಿ ಮಾಡಿದ್ದು. ಉಳಿದಿದ್ದು ಜಾಮ್ ಬಾಟಲೀಲಿ ಇದೆ. ಅಕ್ಕನ ಅಡುಗೆಮನೇಲಿ."

ಹೇಳಿದ ಮೇಲೆ ತಾನು ಏನು ಹೇಳಿದೆನೆಂಬುದು ಅವಳಿಗೇ ಹೊಳೆಯಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

* * *

ಅಕ್ಕ ಗೇಟು ತಿಕ್ಕುತ್ತಿದ್ದಳು.

ಬಿಳಿ ಗೇಟಿನ ಮೇಲೆ ಯಾರೋ ಇದ್ದಲಿನಲ್ಲಿ ದೊಡ್ಡದಾಗಿ 'ಕೊಲೆಗಾತಿ' ಎಂದು ಬರೆದಿದ್ದರು. 'ಕೊಲೆ' ಅಳಿಸಿಹೋಗಿತ್ತು, 'ಗಾತಿ' ಉಳಿದಿತ್ತು. ಅಕ್ಕ ಆ ಎರಡಕ್ಷರದ ಮೇಲೆ ಮೈಭಾರವನ್ನೆಲ್ಲ ಹಾಕಿ ಬ್ರಷ್ಷು ಉಜ್ಜುತ್ತಿದ್ದಳು. ಎದುರುಮನೆಯ ಬಾಲ್ಕನಿಯಲ್ಲಿ ಇಬ್ಬರು ಹೆಂಗಸರು ಬಟ್ಟೆ ಒಣಹಾಕುವ ನೆಪದಲ್ಲಿ ಒಂದೇ ಟವೆಲನ್ನು ಮತ್ತೆ ಮತ್ತೆ ಕೊಡವುತ್ತಿದ್ದರು.

"ನೋಡಿ ಮೇಡಂ, ಆಕೆ ಇನ್ನೂ ಉಸಿರಾಡ್ತಾ ಇದ್ದಾಳೆ. ಇವರು ಆಗಲೇ ಕೊಂದೂಬಿಟ್ರು, ಕೊಂದೋರು ಯಾರು ಅಂತಾನೂ ತೀರ್ಮಾನ ಮಾಡಿಬಿಟ್ರು!" ಅಕ್ಕ ಬಾಲ್ಕನಿಗೆ ಕೇಳಿಸುವಂತೆಯೇ ಹೇಳಿದಳು. "ಇದೇ ಬಾಲ್ಕನಿಯೋರ ಮಗೂಗೆ ಹುಟ್ಟಿದ ಹಬ್ಬದ ಕೇಕು ನಾನೇ ಮಾಡಿಕೊಟ್ಟಿದ್ದು. ಕಾರಿನ ಆಕಾರದ್ದು. ಅದರ ದೀಪಕ್ಕೆ ಬಣ್ಣ ಹಚ್ಚಿದ್ದು ಚಿನ್ನಿ. ಆಗ ಎಷ್ಟು ಚೆನ್ನಾಗಿದೆ ಅಂತ ಬಾಯಿ ಚಪ್ಪರಿಸಿದ್ರು."

ಟವೆಲು ಕೊಡವುವುದು ನಿಂತಿತು. ಬಾಗಿಲು ಮುಚ್ಚಿದ ಸದ್ದಾಯಿತು.

ಅಕ್ಕ ಮನೆಯಲ್ಲಿ ಕೇಕು ಮಾಡಿ ಮಾರುವವಳು. ಅಡುಗೆಮನೆಯ ಅರ್ಧವನ್ನು ದೊಡ್ಡ ಓವನ್ನು ನುಂಗಿತ್ತು. ಊಟದ ಮೇಜಿನ ಮೇಲೆ ಹಳೇ ಬೆಡ್‌ಶೀಟು ಹಾಸಿ, ಅದರ ಮೇಲೆ ಚಿನ್ನಿಯ ಕಾರಿನ ಎಡ ಹೆಡ್‌ಲೈಟನ್ನು ಬಿಡಿಬಿಡಿಯಾಗಿ ಇಟ್ಟಿತ್ತು. ಚೌಕಟ್ಟಿಗೆ ಬೂದು ಪ್ರೈಮರ್ ಆಗಿತ್ತು, ನೀಲಿ ಇನ್ನೂ ಆಗಬೇಕಿತ್ತು. ಬಲ್ಬಿನ ಬಟ್ಟಲು ಪಕ್ಕದಲ್ಲಿ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿತ್ತು. ಪತ್ತೇದಾರಿಣಿ ಬಿಚ್ಚಿ ನೋಡಿದಳು. ಒಂದು ಗೀರೂ ಇಲ್ಲ. ಬೆಳ್ಳಿಯಂತೆ ಹೊಳೆಯುತ್ತಿತ್ತು. ಗಾಜೂ ಇಡಿಯಾಗಿತ್ತು.

"ಇದನ್ನ ಪೊಲೀಸರಿಗೆ ತೋರಿಸ್ಲಿಲ್ವಾ?"

"ತೋರಿಸಿದೆ. 'ಗುಜರಿಯಿಂದ ಬೇರೆ ತಂದು ಇಟ್ಟಿದ್ದೀರಿ' ಅಂದ್ರು. ಇದು ಎಷ್ಟೋ ದಿನದಿಂದ ಹೀಗೇ ಬಿಚ್ಚಿದೆ ಸ್ವಾಮೀ ಅಂದೆ. 'ಅಕ್ಕ ತಂಗಿ ಪರ ಹೇಳದೆ ಇನ್ನೇನು ಹೇಳ್ತಾಳೆ' ಅಂದ್ರು." ಅಕ್ಕನ ದನಿ ಏರಿತು. "ನಾನು ಪರ ವಹಿಸ್ಕೊಂಡ್ನಂತೆ! ಅವಳ ಜೊತೆ ಒಂದು ವಾರ ಮಾತು ಬಿಟ್ಟಿದ್ದೆ ಮೇಡಂ, ಈ ದೀಪದ ದೆಸೆಯಿಂದ. ನನ್ನ ಓವನ್ನಿನಲ್ಲಿ ಇದನ್ನ ಬೇಯಿಸಿದ್ಲು! ಆಮೇಲೆ ಮಾಡಿದ ಕೇಕೆಲ್ಲ ಟೈರಿನ ವಾಸನೆ. ಬೈದೆ, ಕಣ್ಣೀರಿಟ್ಟೆ, ಓವನ್ನು ತೊಳೆದೆ. ಆದ್ರೆ ಬೈಯೋದು ಬೇರೆ, ಸುಳ್ಳು ಹೇಳೋದು ಬೇರೆ."

"ಜಾಮ್ ಬಾಟಲಿ ಎಲ್ಲಿದೆ?"

ಅಕ್ಕ ಅಡುಗೆಮನೆಯ ಮೂಲೆ ಕಪಾಟಿನಿಂದ ತಂದಿಟ್ಟಳು. ತಳದಲ್ಲಿ ನವಿಲುನೀಲಿ. ಮುಚ್ಚಳ ಸರಿಯಾಗಿ ಹಾಕಿರಲಿಲ್ಲ, ಬಣ್ಣ ಕೆನೆಗಟ್ಟಿತ್ತು. ಬಾಟಲಿಯೊಳಗೆ ಒಂದು ಬ್ರಷ್ಷು ನಿಂತಲ್ಲೇ ಒಣಗಿ ಕಲ್ಲಾಗಿತ್ತು.

"ಚಿನ್ನಿ ಹೀಗೆ ಬಿಡ್ತಾಳಾ?"

"ಅವಳಾ? ಅವಳ ಸಾಮಾನೆಲ್ಲ ಹಲ್ಲುಜ್ಜಿದ ಹಾಗೆ ಉಜ್ಜಿ ಇಡ್ತಾಳೆ. ಅಲ್ದೆ ಅವಳು ಬ್ರಷ್ಷೇ..." ಅಕ್ಕ ಮಾತು ನಿಲ್ಲಿಸಿ ಬ್ರಷ್ಷಿನ ಹಿಡಿಯನ್ನು ತಿರುಗಿಸಿ ನೋಡಿದಳು. ಕೆಂಪು ಮರದ ಹಿಡಿ. "ಇದು ನಂದು! ಕೇಕಿಗೆ ಬೆಣ್ಣೆ ಸವರೋದು. ಮನೆಯೆಲ್ಲ ಹುಡುಕಿದ್ದೆ ಇದಕ್ಕೆ."

"ಇದು ಬೆಣ್ಣೆಯ ಬ್ರಷ್ಷು ಅಂತ ಗೊತ್ತಿರೋರು ಇದನ್ನ ಬಣ್ಣಕ್ಕೆ ಅದ್ದಲ್ಲ," ಎಂದಳು ಪತ್ತೇದಾರಿಣಿ. "ನಿಮಗೆ ಗೊತ್ತು. ಚಿನ್ನಿಗೆ ಗೊತ್ತು. ಗೊತ್ತಿಲ್ಲದೆ ಇರೋರು ಈ ಮನೇಲಿ ಯಾರು?"

ಅಕ್ಕ ಬ್ರಷ್ಷಿನ ಹಿಡಿಯಿಂದ ಕೈ ತೆಗೆದಳು.

"ನಿಮ್ಮ ಮನೆಯವರು ಠಾಣೇಲಿ ಹೇಳಿಕೆ ಕೊಟ್ಟಿದ್ದಾರೆ. ಏನಂತ ಗೊತ್ತಾ?"

"ಗೊತ್ತಲ್ಲ, ಇದ್ದಿದ್ದು ಇದ್ದ ಹಾಗೆ ಹೇಳ್ದೆ ಅಂದ್ರು. ದೀಪ ಮೊದಲೇ ಬಿಚ್ಚಿಟ್ಟಿತ್ತು ಅಂತ. ದಿನಾ ಊಟಕ್ಕೆ ಕೂತಾಗ ಇದನ್ನ ನೋಡಿ ಗೊಣಗ್ತಿದ್ರಲ್ಲ, ತಟ್ಟೆ ಇಡೋಕೂ ಜಾಗ ಇಲ್ಲ ಅಂತ."

"ಅವರು ಹೇಳಿದ್ದು ಬೇರೆ. 'ಅಪಘಾತ ಆಗೋವರೆಗೂ ಮನೇಲಿ ಬಿಚ್ಚಿದ ದೀಪ ನಾನು ನೋಡಿಲ್ಲ' ಅಂದಿದ್ದಾರೆ. ಡ್ರೈವಿಂಗ್ ಕಲಿಸೋರ ಮಾತು ನೋಡಿ, ತೂಕ ಜಾಸ್ತಿ. ಅದರ ಮೇಲೇ ಚಿನ್ನಿ ಒಳಗಿದ್ದಾಳೆ."

ಅಕ್ಕ ಗೇಟು ತಿಕ್ಕಲು ಹಾಕಿದ್ದ ಕೈಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿ ಸಿಂಕಿನಲ್ಲಿ ಹಾಕಿದಳು. ಬಾಟಲಿಯಿಂದ ಬ್ರಷ್ಷನ್ನು ಕಿತ್ತು, ಹಳೇ ಪೇಪರಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡಳು.

"ನಡೀರಿ," ಎಂದಳು.

ದಾರಿಯಲ್ಲಿ ಪತ್ತೇದಾರಿಣಿ ಇನ್ಸ್‌ಪೆಕ್ಟರಿಗೆ ಒಂದು ಫೋನು ಮಾಡಿದಳು. "ಡ್ರೈವಿಂಗ್ ಸ್ಕೂಲಿಗೆ ಬನ್ನಿ. ಚಿನ್ನೀನೂ ಕರ್ಕೊಂಡು ಬನ್ನಿ," ಎಂದಷ್ಟೇ ಹೇಳಿದಳು.

* * *

ಭಾವ ಪಾಠ ಮಾಡುತ್ತಿದ್ದರು.

ಡ್ರೈವಿಂಗ್ ಸ್ಕೂಲಿನ ಒಂದೇ ಕೋಣೆ, ಗೋಡೆ ತುಂಬ ಟ್ರಾಫಿಕ್ ಚಿಹ್ನೆಗಳ ಪಟ. ಬೆಂಚಿನ ಮೇಲೆ ನಾಲ್ಕೈದು ಮಂದಿ ಕಲಿಯುವವರು. "ರಸ್ತೇಲಿ ಮೊದಲ ಹಕ್ಕು ನಡೆದು ಹೋಗೋರದ್ದು," ಎನ್ನುತ್ತಿದ್ದರು ಭಾವ. ಶುಭ್ರ ಬಿಳಿ ಶರಟು, ಜೇಬಿನಲ್ಲಿ ಎರಡು ಪೆನ್ನು, ತಾಳ್ಮೆಯ ದನಿ. ಊರಿನ ಅರ್ಧದಷ್ಟು ಜನಕ್ಕೆ ಸ್ಟೀರಿಂಗ್ ಹಿಡಿಯಲು ಹೇಳಿಕೊಟ್ಟ ದನಿ ಅದು.

ಪತ್ತೇದಾರಿಣಿ ಒಳಗೆ ಹೋಗಲಿಲ್ಲ. ಅಂಗಳದಲ್ಲಿ ನಿಂತಿದ್ದ ಸ್ಕೂಲಿನ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಚಿನ್ನಿಯ ಕಾರಿನದೇ ಜಾತಿ ಇದು. ಚಿನ್ನಿ ಓಡಿಸುತ್ತಿದ್ದದ್ದು ಇದೇ ಸ್ಕೂಲಿನ ಹಳೇ ಕಾರು, ಭಾವನೇ ಅವಳಿಗೆ ಕೊಟ್ಟಿದ್ದು.

ಕಾರಿನ ಬಲಗಣ್ಣು ಬಿಸಿಲಿಗೆ ಒಣಗಿ ಹಳದಿಗಟ್ಟಿತ್ತು. ಪೊರೆ ಬಂದ ಮುದುಕರ ಕಣ್ಣಿನ ಹಾಗೆ. ಎಡಗಣ್ಣು ಮಾತ್ರ ನೀರಿನಷ್ಟು ತಿಳಿ.

"ಎಡಗಡೆ ದೀಪ ಯಾವಾಗ ಹಾಕಿಸಿದ್ರಿ?" ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿದಳು.

ಭಾವನ ಕೈಯಲ್ಲಿದ್ದ ಕಡ್ಡಿ ಪಟದ ಮೇಲೆಯೇ ನಿಂತಿತು. ಹೆಂಡತಿಯನ್ನು ನೋಡಿದರು, ಪತ್ತೇದಾರಿಣಿಯನ್ನು ನೋಡಿದರು. ಕಲಿಯುವವರಿಗೆ "ನಾಳೆ ಬನ್ನಿ" ಎಂದರು. ಬೆಂಚು ಖಾಲಿಯಾಗುವವರೆಗೂ ಅವರ ಮುಖದ ಮೇಲೆ ನಗು ಹಾಗೇ ಇತ್ತು.

"ಯಾರೋ ಹೊಸಬರು ರಿವರ್ಸ್ ಕಲಿಯುವಾಗ ಗೋಡೆಗೆ ತಾಗಿಸಿದ್ರು ಮೇಡಂ. ನಮ್ಮಲ್ಲಿ ಇದೆಲ್ಲ ಮಾಮೂಲು."

"ರಿವರ್ಸ್ ಕಲಿಯುವಾಗ ಮುಂದಿನ ದೀಪ ಒಡೀತಾ?"

"ಅಂದ್ರೆ... ರಿವರ್ಸ್ ಹಾಕಕ್ಕೆ ಹೋಗಿ ಮುಂದಕ್ಕೆ ಬಿಟ್ರು."

"ಯಾವ ಗೋಡೆಗೆ?"

"ಇದೇ... ಈ ಕಾಂಪೌಂಡಿಗೆ."

ಮೂವರೂ ಕಾಂಪೌಂಡಿನ ಕಡೆ ನೋಡಿದರು. ಅದು ತಂತಿಬೇಲಿ.

"ರೀ," ಎಂದಳು ಅಕ್ಕ. ಬಂದಾಗಿನಿಂದ ಅವಳು ಆಡಿದ ಮೊದಲ ಮಾತು. ಪೇಪರು ಬಿಚ್ಚಿ ಬ್ರಷ್ಷನ್ನು ಮೇಜಿನ ಮೇಲಿಟ್ಟಳು. "ಇದು ಏನು?"

"ಚಿನ್ನೀದಿರ್ಬೇಕು. ಬಣ್ಣದ ಬ್ರಷ್ಷು."

"ಚಿನ್ನಿ ಬ್ರಷ್ಷು ಮುಟ್ಟಲ್ಲ. ಇದು ನನ್ನ ಕೇಕಿಂದು. ಇಷ್ಟು ವರ್ಷ ದಿನಾ ನಿಮ್ಮ ಕಣ್ಮುಂದೆ ಬೆಣ್ಣೆ ಸವರಿದ್ದೀನಿ. ನನ್ನ ಕೈಯಲ್ಲಿ ಏನಿದೆ ಅಂತ ಒಂದು ದಿನಾನೂ ನೀವು ನೋಡಿಲ್ಲ. ಅಲ್ವಾ?"

"ಏನು ಮಾತಾಡ್ತಾ ಇದ್ದೀಯ, ಮನೆ ವಿಷಯಾನ ಎಲ್ಲರ ಮುಂದೆ..."

"ಚಿನ್ನಿ ಕಾರಲ್ಲಿ ಒಂದು ದೀಪ ಇರ್ಲಿಲ್ಲ ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಕಣೇ, ಅದಕ್ಕೇ..."

ಹೊರಗೆ ಯಾವುದೋ ಸೈಕಲ್ಲಿನ ಗಂಟೆ ಟ್ರಿಣ್ ಎಂದು ಹೋಯಿತು. ಭಾವ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. ಬಿಳಿ ಶರಟಿನ ಕಂಕುಳು ಒದ್ದೆಯಾಗಿತ್ತು.

"ಅದಕ್ಕೇ?" ಎಂದಳು ಪತ್ತೇದಾರಿಣಿ. "ಮುಗಿಸಿ. ಅದಕ್ಕೇ ಅವಳನ್ನ ಆರಿಸಿದ್ರಿ. ಅದೇ ಜಾತಿ ಕಾರು, ಎಡಗಡೆ ದೀಪ ಹೇಗೂ ಇಲ್ಲ. ನಿಮ್ಮ ಒಡೆದ ದೀಪದಿಂದ ಒಂದು ಚೂರು ತೆಗೆದು ಅವಳ ನೀಲಿ ಸವರಿದ್ರೆ ಸಾಕು. ಬೆಳಗಾಗೋದ್ರೊಳಗೆ ಮೋರಿ ಹತ್ರ ಹಾಕಿ ಬಂದ್ರಿ. ಉಳಿದದ್ದನ್ನ ಪೊಲೀಸರು ತಾವೇ ಮಾಡ್ಕೋತಾರೆ."

ಭಾವ ಕೂತರು. ಕೂತ ಮೇಲೆ ಅವರ ದನಿ ಪಾಠದ ದನಿಯಾಗಿ ಉಳಿಯಲಿಲ್ಲ.

"ಫೋನ್ ಬಂತು. ಒಂದು ಸಲ ಕೆಳಗೆ ನೋಡ್ದೆ. ಒಂದೇ ಸಲ. ತಲೆ ಎತ್ತೋಷ್ಟರಲ್ಲಿ ಸದ್ದಾಯ್ತು."

"ನಿಲ್ಲಿಸ್ಲಿಲ್ಲ."

"ಕಾಲು ಬ್ರೇಕಿನ ಮೇಲೆ ಹೋಗ್ಲೇ ಇಲ್ಲ ಮೇಡಂ. ನಾನು... ನನ್ನ ಸ್ಕೂಲಿನ ಹೆಸರು ಕಾರಿನ ಬಾಗಿಲ ಮೇಲೆ ಬರೆದಿದೆ. ಈ ಲೈಸೆನ್ಸು ಹೋದ್ರೆ ನನ್ನ ಹತ್ರ ಇನ್ನೇನಿದೆ?" ಹೆಂಡತಿಯ ಕಡೆ ತಿರುಗಿದರು. "ನಿನ್ನ ಬಗ್ಗೇನೂ ಯೋಚನೆ ಮಾಡ್ದೆ ಕಣೇ. ಚಿನ್ನಿಗೇನು, ಗಂಡನಾ, ಮಕ್ಕಳಾ? ಒಳ್ಳೇ ವಕೀಲರನ್ನ ನಾನೇ ಇಡ್ತಿದ್ದೆ. ಸ್ವಲ್ಪ ದಿನ ಅಷ್ಟೇ. ಬಂದುಬಿಡ್ತಿದ್ಲು. ಅವಳಿಗೆ ಕಳ್ಕೊಳ್ಳೋಕೆ ಏನಿತ್ತು?"

ಅಕ್ಕ ಹೊಡೆಯಲಿಲ್ಲ. ಕೂಗಲೂ ಇಲ್ಲ. ಮದುವೆಯಾದಂದಿನಿಂದ ಗಂಡನಿಗೆ 'ನೀವು' ಬಿಟ್ಟು ಬೇರೆ ಮಾತು ಗೊತ್ತಿಲ್ಲದ ಹೆಂಗಸು, ಒಂದು ಹೆಜ್ಜೆ ಮುಂದಿಟ್ಟಳು.

"ನೀನು," ಎಂದಳು. "ನೀನು ನನ್ನ ಅಡುಗೆಮನೇಲಿ ನಿಂತು, ನನ್ನ ಬ್ರಷ್ಷು ತಗೊಂಡು, ನನ್ನ ತಂಗಿ ಬೆರೆಸಿಟ್ಟ ಬಣ್ಣ ತಗೊಂಡು, ಅವಳ ಮುಖಕ್ಕೆ ಮಸಿ ಬಳಿದೆ. ಆಮೇಲೆ ಬಂದು ನನ್ನ ಪಕ್ಕ ಕೂತು ಊಟ ಮಾಡಿದೆ. ಅವಳನ್ನ ಪೊಲೀಸರು ಎಳ್ಕೊಂಡು ಹೋದಾಗ ನನ್ನ ಕಣ್ಣೀರು ಒರೆಸಿದೆ. ಇದೇ ಕೈಯಲ್ಲಿ. ಬೆಳಿಗ್ಗೆಯಿಂದ ನಾನು ಆ ಗೇಟು ತಿಕ್ಕಿದ್ದೀನಿ ಕಣೋ. ಒಂದು ಬಕೆಟ್ ನೀರಾದ್ರೂ ತಂದುಕೊಟ್ಯಾ?"

"ನಾನು ನಿನಗೋಸ್ಕರ..."

"ನನ್ನ ಹೆಸರು ಎತ್ತಬೇಡ. ನನ್ನ ಹೆಸರು ಎತ್ತಿದ್ರೆ ನೋಡು."

ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು. ಇನ್ಸ್‌ಪೆಕ್ಟರ್ ಇಳಿದರು, ಹಿಂದೆಯೇ ಚಿನ್ನಿ. ಅವಳು ಮೊದಲು ನೋಡಿದ್ದು ಮನುಷ್ಯರನ್ನಲ್ಲ, ಕಾರಿನ ಎರಡು ದೀಪಗಳನ್ನು. ಹಳದಿಯದನ್ನು ನೋಡಿ ತಿಳಿಯದನ್ನು ನೋಡಿದಳು. ಆಮೇಲೆ ಬಾಗಿಲ ಮೂಲಕ ಕುರ್ಚಿಯಲ್ಲಿ ಕುಸಿದಿದ್ದ ಭಾವನನ್ನು. ಯಾರೂ ಏನೂ ಹೇಳಬೇಕಾಗಲಿಲ್ಲ.

"ಭಾವ," ಎಂದಳು. "ನನಗೆ ಕಾರು ಕಲಿಸಿದ್ದು ನೀವು. ಮೊದಲನೇ ದಿನ ಏನು ಹೇಳಿದ್ರಿ, ನೆನಪಿದೆಯಾ? ನಾಯಿಗೆ ತಾಗಿದ್ರೂ ಇಳಿದು ನೋಡ್ಬೇಕು ಅಂದಿದ್ರಿ."

ಭಾವ ಮೇಜಿನ ಮೇಲಿದ್ದ ಬ್ರಷ್ಷನ್ನು ಪೇಪರಿನಿಂದ ಮುಚ್ಚಿದರು.

"ನನ್ನನ್ನ ಸಿಕ್ಕಿಸಿದ್ದಕ್ಕೆ ಬೇಜಾರಿಲ್ಲ ಅಂತ ಹೇಳಲ್ಲ. ತುಂಬ ಇದೆ. ಸಾಯೋ ತನಕ ಇರುತ್ತೆ. ಆದ್ರೆ ಆ ಅಮ್ಮ ಅಲ್ಲಿ ಬಿದ್ದಿದ್ಲಲ್ಲ ಭಾವ. ನೀವು ಮನೆಗೆ ಬಂದು ಬಣ್ಣ ಒಣಗೋದು ಕಾಯ್ತಾ ಕೂತ್ರಲ್ಲ."

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. "ಅಮ್ಮಾ," ಎಂದರು ಚಿನ್ನಿಗೆ, "ನೀವು... ನೀವಿನ್ನು ಮನೆಗೆ ಹೋಗಬಹುದು."

"ಅಷ್ಟೇನಾ?" ಪತ್ತೇದಾರಿಣಿಯ ದನಿ ಚುರುಕಾಯಿತು. "ಬಂಧಿಸಿದಾಗ ಟೀವಿಯವರನ್ನ ಕರೆಸಿ ಮೈಕಿನ ಮುಂದೆ ಹೇಳಿದ್ರಿ. 'ಫ್ಯಾಷನ್ ದೀಪದ ಹುಚ್ಚು' ಅಂತ ಅವರು ಬರೆಯೋವಾಗ ಪಕ್ಕದಲ್ಲೇ ನಿಂತಿದ್ರಿ. ಬಿಡುಗಡೆ ಮಾತ್ರ ಹಿತ್ತಲ ಬಾಗಿಲಿಂದಾ? ಅದೇ ಮೈಕುಗಳನ್ನ ಮತ್ತೆ ಕರೆಸಿ. ಅವಳ ಲ್ಯಾಬಿಗೆ ನೀವೇ ಹೋಗಿ ಹೇಳಿ. ಆ ಗೇಟಿನ ಮೇಲೆ ಬರೆದೋರಿಗೂ ಕೇಳ್ಬೇಕು."

ಇನ್ಸ್‌ಪೆಕ್ಟರ್ ಮುಖ ಕೆಂಪಾಯಿತು. ಆದರೂ ತಲೆಯಾಡಿಸಿದರು. "ಕರೆಸ್ತೀನಿ," ಎಂದರು. "ನಾನೇ ಹೇಳ್ತೀನಿ."

ಅಕ್ಕ ತಂಗಿಯ ಬಳಿಗೆ ಹೋದಳು. ಇಬ್ಬರೂ ತಬ್ಬಿಕೊಳ್ಳಲಿಲ್ಲ. ಅಕ್ಕ ಅವಳ ಕೆದರಿದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, "ಏನಾದ್ರೂ ತಿಂದ್ಯಾ?" ಎಂದಳು. ಆ ಒಂದು ಮಾತಿಗೆ ಚಿನ್ನಿಯ ಕಟ್ಟೆ ಒಡೆಯಿತು. ನಿನ್ನೆಯಿಂದ ತಡೆದಿಟ್ಟಿದ್ದ ಅಳು ಬಿಕ್ಕಿಬಿಕ್ಕಿ ಬಂತು.

ಇನ್ಸ್‌ಪೆಕ್ಟರ್ ಭಾವನ ತೋಳು ಹಿಡಿದು ಎಬ್ಬಿಸುತ್ತಿದ್ದರು. ಆಗ ಅವರ ಫೋನು ಬಡಿದುಕೊಂಡಿತು. ಆಸ್ಪತ್ರೆಯಲ್ಲಿ ಕಾವಲಿಗಿದ್ದ ಪೇದೆ.

"ಹೇಳಯ್ಯ... ಹೌದಾ? ಯಾವಾಗ?... ಮಾತಾಡಿದ್ರಾ?"

ಎಲ್ಲರೂ ಅವರನ್ನೇ ನೋಡಿದರು. ಇನ್ಸ್‌ಪೆಕ್ಟರ್ ಮುಖದ ಮೇಲೆ ಮೊದಲು ಸಮಾಧಾನ ಮೂಡಿತು. ಮರುಕ್ಷಣ ಅದು ಮಾಯವಾಯಿತು.

"ಸರಿಯಾಗಿ ಕೇಳಿಸ್ಕೊಂಡ್ಯಾ? ಇನ್ನೊಂದ್ ಸಲ ಕೇಳು... ಅದೇ ಮಾತಾ?"

ಫೋನನ್ನು ಕಿವಿಯಿಂದ ಇಳಿಸಿ, ಅದನ್ನೇ ದಿಟ್ಟಿಸುತ್ತ ನಿಂತರು.

"ಕಂಡಕ್ಟರಮ್ಮನಿಗೆ ಎಚ್ಚರ ಆಗಿದೆ," ಎಂದರು. "ಜೀವಕ್ಕೇನೂ ಭಯ ಇಲ್ವಂತೆ."

"ದೇವರೇ," ಎಂದಳು ಅಕ್ಕ.

"ಕಣ್ಣು ಬಿಟ್ಟ ಕೂಡ್ಲೇ ಒಂದು ಮಾತು ಕೇಳಿದ್ರಂತೆ. 'ಅಜ್ಜ ಹೇಗಿದ್ದಾರೆ?' ಅಂತ."

"ಯಾವ ಅಜ್ಜ?" ಎಂದಳು ಪತ್ತೇದಾರಿಣಿ.

"ಬಸ್ಸಲ್ಲಿ ಬಂದ ಒಬ್ಬ ವಯಸ್ಸಾದವರಂತೆ. ಮನೆ ಎಲ್ಲಿ ಅಂತ ಮರೆತುಹೋಗಿತ್ತಂತೆ. ಇಳಿಸಿ ಸುಮ್ಮನೆ ಬಿಡೋಕೆ ಮನಸ್ಸು ಬರದೆ, ಡ್ಯೂಟಿ ಮುಗಿಸ್ಕೊಂಡು ಇವರೇ ಕೈ ಹಿಡಿದು ನಮ್ಮ ಠಾಣೆಗೆ ಕರ್ಕೊಂಡು ಬರ್ತಾ ಇದ್ರಂತೆ." ಇನ್ಸ್‌ಪೆಕ್ಟರ್ ಫೋನನ್ನು ಜೇಬಿಗೆ ಇಳಿಸಿದರು. "ಆದ್ರೆ ಮೇಡಂ, ರಸ್ತೇಲಿ ಸಿಕ್ಕಿದ್ದು ಆಕೆ ಒಬ್ರೇ. ಆಸ್ಪತ್ರೆಗೆ ಸೇರಿಸಿದೋರೂ ಹಾಗೇ ಹೇಳಿದ್ದಾರೆ. ಇನ್ನೊಬ್ಬರ ಸುಳಿವೇ ಇಲ್ಲ."

ಪತ್ತೇದಾರಿಣಿ ನಿಧಾನವಾಗಿ ಭಾವನ ಕಡೆ ತಿರುಗಿದಳು.

"ನಾನು ಸ್ಕೂಟರಲ್ಲಿ ವಾಪಸ್ ಹೋಗಿ ನೋಡ್ದೆ," ಎಂದರು ಭಾವ, ಯಾರೂ ಕೇಳುವ ಮೊದಲೇ. ಮಾತು ಒಂದರ ಮೇಲೊಂದು ಬೀಳುತ್ತಿತ್ತು. "ಕಾರು ಶೆಡ್ಡಿಗೆ ಬಿಟ್ಟು ತಕ್ಷಣ ಹೋದೆ. ಜನ ಸೇರಿದ್ರು, ಆಕೇನ ಎತ್ತುತಾ ಇದ್ರು. ದೂರದಿಂದ ನೋಡ್ದೆ. ಆಕೆ ಒಬ್ಳೇ. ಆಣೆಗೂ ಒಬ್ಳೇ."

"ವಾಪಸ್ ಹೋದಾಗ ಒಬ್ಳೇ. ಒಪ್ದೆ," ಎಂದಳು ಪತ್ತೇದಾರಿಣಿ. "ಗುದ್ದಿದಾಗ?"

ಅಕ್ಕ ಎರಡು ಹೆಜ್ಜೆ ಬಂದು ಭಾವನ ಎದುರಿಗೇ ನಿಂತಳು.

"ಬಾಯಿ ಬಿಡು."

ಅವರು ಕಣ್ಣು ಮುಚ್ಚಿಕೊಂಡರು.

"ಇಬ್ರಿದ್ರು," ಎಂದರು.